ಸುಲ್ಕಾಟಾ ಆಮೆಗೆ ಹಿತ್ತಲಲ್ಲಿ ಏನು ನೆಡಬಹುದು?

ಅಮೆರಿಕದ ಫೀನಿಕ್ಸ್‌ನಲ್ಲಿ ನಿಮ್ಮ ಹಿತ್ತಲಿಗೆ ಸುಲ್ಕಾಟಾ ಆಮೆ (ಆಫ್ರಿಕಾ ಮೂಲದ ದೊಡ್ಡ ನೆಲದಾಮೆ) ಬಿಡಬೇಕು, ದಾಸವಾಳ ನೆಡಬಹುದಾ, ಬೇಲಿಯ ಕಣಗಿಲೆ ಹಾಗೇ ಇರಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಮೊದಲು ಕಣಗಿಲೆ ತೆಗೆಸಿ. ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹೃದಯಕ್ಕೇ ಪೆಟ್ಟು. ಒಣಗಿದರೂ ಆ ವಿಷ ಹೋಗುವುದಿಲ್ಲ. ಆಮೆ ನೆಲದ ಮೇಲೆ ಬಿದ್ದದ್ದಕ್ಕೆ ಬಾಯಿ ಹಾಕುವ ಪ್ರಾಣಿ ಅಲ್ವಾ? ಪಕ್ಕದ ಮನೆಯಿಂದ ಹಾರಿ ಬಂದ ಎಲೆಗಳನ್ನೂ ದಿನಾ ಗುಡಿಸಿ. ಲಂಟಾನವೂ ಬೇಡ.

ದಾಸವಾಳ ಧಾರಾಳವಾಗಿ ನೆಡಿ. ಎಲೆ, ಹೂವು ಎರಡೂ ಆಗುತ್ತವೆ. ನಮ್ಮ ಆಮೆ ಕೆಂಪು ಹೂವು ಕಂಡರೆ ಸಾಕು, ಕತ್ತು ಚಾಚಿಕೊಂಡು ಬರುತ್ತದೆ. ತಿಂದ ಮೇಲೆ ಬಾಯಿ ಸುತ್ತ ನೇರಳೆ ಬಣ್ಣ ಮೆತ್ತಿರುತ್ತದೆ. ಆದರೆ ನರ್ಸರಿಯಿಂದ ತಂದ ಗಿಡ ತಕ್ಷಣ ಕೊಡಬೇಡಿ. ಕೆಲವು ಕೀಟನಾಶಕ ಗಿಡದ ಒಳಗೇ ಸೇರಿರುತ್ತದೆ, ತೊಳೆದರೆ ಹೋಗಲ್ಲ. ಆಮೆಗೆ ಸಿಗದ ಕಡೆ ಕೆಲವು ತಿಂಗಳು ಬೆಳೆಸಿ, ಪೂರ್ತಿ ಹೊಸ ಚಿಗುರು ಬರಲಿ.

ಹೊಟ್ಟೆ ತುಂಬಬೇಕಾದದ್ದು ಮಾತ್ರ ಹುಲ್ಲಿನಿಂದಲೇ. ಅಲ್ಲಿ ಬರ್ಮುಡಾ ಅಂತ ಮಾರುತ್ತಾರಲ್ಲ, ಅದು ನಾವು ಗಣಪತಿಗೆ ಏರಿಸುವ ಗರಿಕೆಯೇ. ಅದನ್ನೇ ಜಾಸ್ತಿ ಬೆಳೆಸಿ. ಒಂದು ಮೂಲೆಯಲ್ಲಿ ಪಾಪಸ್ಕಳ್ಳಿ ಇರಲಿ, ಕ್ಯಾಲ್ಸಿಯಂ ಚೆನ್ನಾಗಿದೆ, ನಿಮ್ಮ ಬಿಸಿಲಿಗೂ ಬಾಡದು. ಹಿಪ್ಪುನೇರಳೆ ಎಲೆಯೂ ಒಳ್ಳೆಯದು. ಪಾಲಕ್ ದಿನಾ ಹಾಕಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಣ್ಣನ್ನೂ ದೂರವಿಡಿ.

ಬೇರೆ ಯಾವ ಗಿಡ ಇದ್ದರೂ ಎಲೆಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.