65 ಸಾವಿರದ ಗೇಮಿಂಗ್ ಪಿಸಿ: ಈ ಕೊಟೇಶನ್‌ನಲ್ಲಿ ಏನು ಬದಲಿಸಬೇಕು?

ನೀವು ಕೇಳಿದ್ದು ಇಷ್ಟು: ಬಜೆಟ್ 65,000 ರೂಪಾಯಿ. 24 ಇಂಚಿನ 1080ಪಿ, 144 ಹರ್ಟ್ಝ್ ಮಾನಿಟರ್ ಆಗಲೇ ಇದೆ. ಆಡುವುದು ವ್ಯಾಲರಂಟ್, ಜಿಟಿಎ 5, ರೆಡ್ ಡೆಡ್ ರಿಡೆಂಪ್ಶನ್ 2. ಹುಬ್ಬಳ್ಳಿಯ ಅಂಗಡಿಯೊಂದು ಕೊಟ್ಟ ಕೊಟೇಶನ್‌ನಲ್ಲಿ ರೈಝೆನ್ 7 5700ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿಯ ಒಂದೇ ರ‍್ಯಾಮ್, ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, ನಾಲ್ಕು ಆರ್‌ಜಿಬಿ ಫ್ಯಾನ್‌ನ ಗಾಜಿನ ಕ್ಯಾಬಿನೆಟ್, ಅದರ ಜೊತೆಗೇ "450 ವ್ಯಾಟ್" ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ). ತೆಗೆದುಕೊಳ್ಳಬಹುದೇ?

ಹೀಗೇ ತೆಗೆದುಕೊಳ್ಳಬೇಡಿ. ಇದರಲ್ಲಿ ಪ್ರೊಸೆಸರ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ದುಡ್ಡು ಹೋಗಿದೆ, ಕಾರ್ಡಿಗೆ ಕಡಿಮೆ ಬಿದ್ದಿದೆ, ಎಸ್‌ಎಂಪಿಎಸ್‌ಗೆ ಖರ್ಚೇ ಮಾಡಿಲ್ಲ. ಅದೇ 65 ಸಾವಿರವನ್ನು ಬೇರೆ ರೀತಿ ಹಂಚಿದರೆ ಆಟದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುತ್ತದೆ.

ಮೊದಲು ಪ್ರೊಸೆಸರ್. 5700ಜಿಯಲ್ಲಿ 8 ಕೋರ್ ಇದೆ, ಅದರ ಬದಲು ನಾನು ಹೇಳುವ ರೈಝೆನ್ 5 5600ರಲ್ಲಿ 6. ಹೆಸರು ನೋಡಿದರೆ 5700ಜಿ ಮೇಲು ಅನಿಸುತ್ತದೆ. ಆದರೆ ಆ 'ಜಿ' ಇರುವ ಚಿಪ್‌ನಲ್ಲಿ ಒಳಗೇ ಗ್ರಾಫಿಕ್ಸ್ ಇರುತ್ತದೆ, ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ ಮಾತ್ರ. 5600ರಲ್ಲಿ 32 ಎಂಬಿ. ವ್ಯಾಲರಂಟ್‌ನಂಥ ಆಟದಲ್ಲಿ ಫ್ರೇಮ್ ಎಷ್ಟು ಬರುತ್ತದೆ ಎಂಬುದನ್ನು ಕಾರ್ಡಿಗಿಂತ ಹೆಚ್ಚಾಗಿ ಪ್ರೊಸೆಸರ್ ನಿರ್ಧರಿಸುತ್ತದೆ, ಅಲ್ಲಿ ಈ ಕ್ಯಾಶ್ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕೊರತೆಯೂ ಇದೆ: ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ಮಾಹಿತಿ ದಾರಿಯಾದ ಪಿಸಿಐಇಯಲ್ಲಿ 5700ಜಿ 3.0ಗೇ ನಿಲ್ಲುತ್ತದೆ, 5600 ಪಿಸಿಐಇ 4.0 ಕೊಡುತ್ತದೆ. ಇದು ಯಾಕೆ ಮುಖ್ಯ ಎಂಬುದನ್ನು ಕಾರ್ಡಿನ ವಿಷಯದಲ್ಲಿ ಹೇಳುತ್ತೇನೆ. ಬೇರೆ ಕಾರ್ಡ್ ಹಾಕುವವರು ಒಳಗಿನ ಗ್ರಾಫಿಕ್ಸ್‌ಗೆ ದುಡ್ಡು ಕೊಡಬೇಕಾಗಿಲ್ಲ. 5700ಜಿ, 5600ಜಿ ಚಿಪ್‌ಗಳು ಈಗ ಕಾರ್ಡ್ ಇಲ್ಲದೆ ಓಡಿಸಿ, ಆರು ತಿಂಗಳ ನಂತರ ಕಾರ್ಡ್ ಕೊಳ್ಳುವವರಿಗೆ ಸರಿ.

ಇಂಟೆಲ್ ಕಡೆ ಐ5-12400ಎಫ್ ಕೂಡ ಇಷ್ಟೇ ಒಳ್ಳೆಯದು, ಅದಕ್ಕೂ 6 ಕೋರ್, 12 ಥ್ರೆಡ್. ಎರಡರಲ್ಲಿ ಬೋರ್ಡ್ ಸೇರಿ ಯಾವುದು ಅಗ್ಗವಾಗುತ್ತದೋ ಅದನ್ನು ಹಿಡಿಯಿರಿ. 5600 ಮತ್ತು 12400ಎಫ್, ಎರಡಕ್ಕೂ ಒಳಗೆ ಗ್ರಾಫಿಕ್ಸ್ ಇಲ್ಲ ಎಂಬುದು ನೆನಪಿರಲಿ. ಬಾಕ್ಸ್ ಪೀಸ್ ತೆಗೆದುಕೊಂಡರೆ ಕೂಲರ್ ಒಳಗೇ ಬರುತ್ತದೆ, ಭಾರತದ ವಾರಂಟಿ 3 ವರ್ಷ ಇರುತ್ತದೆ. ಅಂಗಡಿಯವರು "ಟ್ರೇ ಪೀಸ್, ಸಾವಿರ ಕಡಿಮೆ" (ಅಂದರೆ ಬಾಕ್ಸ್ ಇಲ್ಲದ ಬಿಡಿ ಚಿಪ್) ಅಂದರೆ ಕಂಪನಿ ವಾರಂಟಿ ಇದೆಯೇ ಎಂದು ಕೇಳಿ. ಅಂಗಡಿಯದಷ್ಟೇ ವಾರಂಟಿ ಅಂದರೆ ಬೇಡ.

ಈಗ ಕಾರ್ಡ್. ಆರ್‌ಟಿಎಕ್ಸ್ 3050 ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡ್‌ಗಳಿವೆ. 8 ಜಿಬಿಯದಕ್ಕೆ 2560 ಕೋರ್, 128 ಬಿಟ್ ಮೆಮೊರಿ ಬಸ್, 130 ವ್ಯಾಟ್. 2024ರಲ್ಲಿ ಬಂದ 6 ಜಿಬಿಯದಕ್ಕೆ 2304 ಕೋರ್, 96 ಬಿಟ್, 70 ವ್ಯಾಟ್. ಕಡಿಮೆಯಾಗಿರುವುದು ಬರೀ 2 ಜಿಬಿ ಅಂದುಕೊಂಡು ಕೊಂಡವರು ಮೋಸ ಹೋಗುತ್ತಾರೆ. ಆ 6 ಜಿಬಿ ಕಾರ್ಡಿನ ಬಹುತೇಕ ಮಾಡೆಲ್‌ಗಳಿಗೆ ಪ್ರತ್ಯೇಕ ಪವರ್ ಕೇಬಲ್ ಬೇಡ. ಹಾಗಾಗಿ ಹಳೆಯ ಡೆಲ್, ಎಚ್‌ಪಿ ಆಫೀಸ್ ಪಿಸಿಗೆ ಸೇರಿಸಲು ಅದು ಸರಿಯಾದ ಕಾರ್ಡ್. ಹೊಸದಾಗಿ ಕಟ್ಟುವ ಪಿಸಿಗೆ ಅದಲ್ಲ.

ನಿಮ್ಮ ಬಜೆಟ್‌ಗೆ ಮೊದಲು ಹುಡುಕಬೇಕಾದ್ದು ಆರ್‌ಎಕ್ಸ್ 6600 8 ಜಿಬಿ. 132 ವ್ಯಾಟ್, ಒಂದೇ 8 ಪಿನ್ ಕೇಬಲ್. 1080ಪಿಯಲ್ಲಿ 3050ರ ಎರಡೂ ರೂಪಗಳನ್ನು ಸ್ಪಷ್ಟವಾಗಿ ಹಿಂದೆ ಹಾಕುತ್ತದೆ. ಸ್ವಲ್ಪ ಹಿಗ್ಗಿಸಲು ಆದರೆ ಆರ್‌ಎಕ್ಸ್ 7600 ಅಥವಾ ಆರ್‌ಟಿಎಕ್ಸ್ 5050 ನೋಡಿ, ಎರಡೂ 8 ಜಿಬಿ. ಡಿಎಲ್‌ಎಸ್‌ಎಸ್ (ಎಐ ಬಳಸಿ ಫ್ರೇಮ್ ಹೆಚ್ಚಿಸುವ ಎನ್‌ವಿಡಿಯಾ ಸೌಲಭ್ಯ) ಬೇಕು, ಆಟದ ಜೊತೆ ಬ್ಲೆಂಡರ್‌ನಂಥ 3ಡಿ ಕೆಲಸವೂ ಇದೆ ಎನ್ನುವವರು ಎನ್‌ವಿಡಿಯಾ (ಆರ್‌ಟಿಎಕ್ಸ್) ಕಡೆ ವಾಲುವುದು ಸರಿ. ಇಂಟೆಲ್‌ನ ಆರ್ಕ್ ಬಿ580 12 ಜಿಬಿ ಕಣ್ಣಿಗೆ ಬೀಳುತ್ತದೆ. ಆದರೆ ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತದೆ, 5600ರಂಥ ಚಿಪ್ ಜೊತೆ ಕೆಲವು ಆಟಗಳಲ್ಲಿ ಅದರ ಪೂರ್ತಿ ಬಲ ಸಿಗುವುದಿಲ್ಲ. ನಿಮ್ಮ ಪಿಸಿಗೆ ನಾನು ಅದನ್ನು ಹೇಳುವುದಿಲ್ಲ.

ಪಿಸಿಐಇ ವಿಷಯ ಇಲ್ಲಿ ಬರುತ್ತದೆ. ಆರ್‌ಎಕ್ಸ್ 6600ರಂಥ ಕಾರ್ಡ್‌ಗಳು ಸ್ಲಾಟ್‌ನ 16 ಲೇನ್‌ಗಳಲ್ಲಿ (ಮಾಹಿತಿ ಓಡುವ ಸಾಲುಗಳಲ್ಲಿ) 8ನ್ನು ಮಾತ್ರ ಬಳಸುತ್ತವೆ. 4.0 ಆದರೆ 8 ಲೇನ್ ಸಾಕು. 3.0ಗೆ ಇಳಿದರೆ ದಾರಿ ಅರ್ಧವಾಗುತ್ತದೆ. ಸಾಮಾನ್ಯವಾಗಿ ನಷ್ಟ ಸಣ್ಣದು. ಆದರೆ ಟೆಕ್ಸ್ಚರ್ ಏರಿಸಿ ಕಾರ್ಡಿನ 8 ಜಿಬಿ ತುಂಬಿದ ಗಳಿಗೆಯಿಂದ ಮಾಹಿತಿ ಈ ದಾರಿಯಲ್ಲೇ ಓಡಾಡಬೇಕು, ಆಗ ಆಟ ತಡವರಿಸುತ್ತದೆ. ಇದೇ ಕಾರಣಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿಯ 4 ಜಿಬಿ ಕಾರ್ಡನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಬಿಡಿ. ಅದಕ್ಕೆ 4 ಲೇನ್ ಮಾತ್ರ, ರೆಕಾರ್ಡಿಂಗ್‌ಗೆ ಬೇಕಾದ ಹಾರ್ಡ್‌ವೇರ್ ಎನ್‌ಕೋಡರ್ ಕೂಡ ಇಲ್ಲ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ "ಆರ್‌ಎಕ್ಸ್ 580 2048ಎಸ್‌ಪಿ" ಎಂದು ಬರೆದ ಕಾರ್ಡ್ ನಿಜವಾದ 580 ಅಲ್ಲ, ಆರ್‌ಎಕ್ಸ್ 570ಕ್ಕೆ ಸಮ. ಅಂಥವುಗಳಲ್ಲಿ ಬಹಳಷ್ಟು ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದು ಬಂದವು.

ಬೋರ್ಡ್: 5600ಕ್ಕೆ ಬಿ550 ಹಾಕಿ. ಬಿ450, ಎ520 ಎರಡೂ ಕಾರ್ಡಿಗೆ ಪಿಸಿಐಇ 3.0 ಮಾತ್ರ ಕೊಡುತ್ತವೆ. ಹಳೆಯ ಸ್ಟಾಕ್‌ನ ಬಿ450 ಆದರೆ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ 5600ನ್ನು ಗುರುತಿಸದೇ ಇರಬಹುದು. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಬೋರ್ಡಿನಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಮುಂದೆ ಅನುಕೂಲ. 5600 ಕೂರುವ ಎಎಂ4 ಸಾಕೆಟ್‌ನ ಕಾಲ ಮುಗಿಯುತ್ತಾ ಬಂದಿದೆ ಎಂಬುದು ನಿಜ, ನಾಳೆ ಹೊಸ ಎಎಂ5 ಸಾಕೆಟ್‌ಗೆ ಹೋಗಬೇಕಾದರೆ ಬೋರ್ಡ್, ರ‍್ಯಾಮ್ ಎರಡೂ ಬದಲಾಗಬೇಕು. ಆದರೂ 65 ಸಾವಿರದಲ್ಲಿ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ಕೊಂಡರೆ ಕಾರ್ಡಿನ ದುಡ್ಡೇ ಕರಗುತ್ತದೆ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ ಈ ಲೆಕ್ಕ ಇನ್ನೂ ಬಿಗಿಯಾಗಿದೆ.

ರ‍್ಯಾಮ್ 16 ಜಿಬಿ ಸಾಕು, ಆದರೆ 8+8 ಜೋಡಿ ಇರಲಿ. ಒಂದೇ ಸ್ಟಿಕ್ ಹಾಕಿದರೆ ಒಂದೇ ಚಾನೆಲ್ ಓಡುತ್ತದೆ, ಮೆಮೊರಿ ಬ್ಯಾಂಡ್‌ವಿಡ್ತ್ ಅರ್ಧ. ಸರಾಸರಿ ಫ್ರೇಮ್ ಸ್ವಲ್ಪ ಇಳಿಯುತ್ತದೆ, ಕನಿಷ್ಠ ಫ್ರೇಮ್ ಇನ್ನೂ ಜಾಸ್ತಿ ಇಳಿಯುತ್ತದೆ, ಆಟದಲ್ಲಿ ಜರ್ಕ್ ಹೊಡೆಯುವುದು ಅದರಿಂದಲೇ. "ಮುಂದೆ ಇನ್ನೊಂದು ಹಾಕಿಸಿ" ಎಂಬ ಸಲಹೆಯನ್ನು ಒಪ್ಪಬೇಡಿ. ಆಗ ಅದೇ ಮಾಡೆಲ್ ಸಿಗುವ ಖಾತ್ರಿ ಇಲ್ಲ. ಡಿಡಿಆರ್4, 3200 ಸ್ಪೀಡ್, ಸಿಎಲ್16 (ಪ್ರತಿಕ್ರಿಯೆಯ ತಡ ಸೂಚಿಸುವ ಸಂಖ್ಯೆ) ಜೋಡಿ ನೋಡಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ರೆಡ್ ಡೆಡ್ 2 ಒಂದಕ್ಕೇ 150 ಜಿಬಿ ಜಾಗ ಬೇಕು, ಆದ್ದರಿಂದ ದುಡ್ಡು ಹೊಂದಿದರೆ 1 ಟಿಬಿ, ಇಲ್ಲದಿದ್ದರೆ ಈಗ 500 ಹಾಕಿ ಬೋರ್ಡಿನ ಎರಡನೇ ಎಂ.2 ಸ್ಲಾಟ್ ಮುಂದಕ್ಕೆ ಉಳಿಸಿ. ಪಿಸಿಐಇ 3.0 ಎನ್‌ವಿಎಂಇ (ಪಿಸಿಐಇ ದಾರಿ ಬಳಸುವ ವೇಗದ ಎಸ್‌ಎಸ್‌ಡಿ) ಸಾಕು. ಎಂ.2 ಆಕಾರದಲ್ಲೇ ಹಳೆಯ, ನಿಧಾನದ ಸಾಟಾ ಡ್ರೈವ್ ಕೂಡ ಬರುತ್ತದೆ, ಸೆಕೆಂಡಿಗೆ ಸುಮಾರು 550 ಎಂಬಿ ಅಷ್ಟೇ. ಬಿಲ್‌ನಲ್ಲಿ 'ಎನ್‌ವಿಎಂಇ' ಎಂದು ಬರೆಸಿ.

ಇನ್ನು ಎಸ್‌ಎಂಪಿಎಸ್. ಈ ಕೊಟೇಶನ್‌ನಲ್ಲಿ ಅತಿ ಅಪಾಯದ ಸಾಲು ಇದೇ. ಸ್ಟಿಕ್ಕರ್ ಮೇಲಿನ ದೊಡ್ಡ ಅಕ್ಷರದ ವ್ಯಾಟ್ ಬಿಡಿ, ಪಕ್ಕದ ಕೋಷ್ಟಕದಲ್ಲಿ +12 ವೋಲ್ಟ್ ಸಾಲಿನ ಆಂಪಿಯರ್ ಓದಿ, 12ರಿಂದ ಗುಣಿಸಿ. ಕಾರ್ಡ್, ಪ್ರೊಸೆಸರ್ ಎರಡೂ ಈ ಸಾಲಿನಿಂದಲೇ ಕರೆಂಟ್ ಎಳೆಯುವುದು. 18 ಆಂಪಿಯರ್ ಅಂದರೆ 216 ವ್ಯಾಟ್, ಹೊರಗೆ 450 ಅಂತ ಬರೆದಿದ್ದರೂ ಅಷ್ಟೇ. ಒಳ್ಳೆಯ 550 ವ್ಯಾಟ್ ಯೂನಿಟ್‌ನಲ್ಲಿ ಈ ಗುಣಾಕಾರ 500ರ ಮೇಲೆ ಬರುತ್ತದೆ. ನಿಮ್ಮ ಪಿಸಿಗೆ ಕಾರ್ಡ್ 132, ಪ್ರೊಸೆಸರ್ 90ರೊಳಗೆ, ಉಳಿದದ್ದೆಲ್ಲ ಸೇರಿ 50, ಅಂದರೆ ಸುಮಾರು 270 ವ್ಯಾಟ್. ಕ್ಷಣಕಾಲ ಇದಕ್ಕಿಂತ ಮೇಲಕ್ಕೂ ಜಿಗಿಯುತ್ತದೆ. ಅಗ್ಗದ ಯೂನಿಟ್ ಆಗ ಏನು ಮಾಡುತ್ತದೆ? ಡೆಸ್ಕ್‌ಟಾಪ್‌ನಲ್ಲಿ ಸುಮ್ಮನಿದ್ದು, ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪಟ್ಟನೆ ರೀಸ್ಟಾರ್ಟ್. ಕೆಟ್ಟ ದಿನವಾದರೆ ತಾನು ಸುಡುವಾಗ ಬೋರ್ಡನ್ನೂ ಸುಡುತ್ತದೆ, ಏಕೆಂದರೆ ಅದರಲ್ಲಿ ರಕ್ಷಣೆಯ ಸರ್ಕ್ಯೂಟ್‌ಗಳೇ ಸರಿಯಾಗಿ ಇರುವುದಿಲ್ಲ.

550 ವ್ಯಾಟ್, 80 ಪ್ಲಸ್ ಬ್ರಾಂಝ್ (ದಕ್ಷತೆಯ ಮುದ್ರೆ), 5 ವರ್ಷ ವಾರಂಟಿ ಇರುವ ಯೂನಿಟ್ ತೆಗೆದುಕೊಳ್ಳಿ. ಕೋರ್ಸೇರ್ ಸಿಎಕ್ಸ್550, ಕೂಲರ್ ಮಾಸ್ಟರ್ ಎಂಡಬ್ಲ್ಯೂಇ 550 ಬ್ರಾಂಝ್ ವಿ2 ಈ ದರ್ಜೆಯವು. 8 ಪಿನ್ ಕೇಬಲ್ ಯೂನಿಟ್‌ನಿಂದಲೇ ಬರಬೇಕು. ಹಳೆಯ ಮೊಲೆಕ್ಸ್ ತಂತಿಗೆ ಕನ್ವರ್ಟರ್ ಸಿಕ್ಕಿಸಿ ಕಾರ್ಡಿಗೆ ಕೊಡುತ್ತೇವೆ ಅಂದರೆ ಒಪ್ಪಲೇಬೇಡಿ, ಆ ತಂತಿ ಬಿಸಿಯಾಗಿ ಕರಗಬಹುದು.

ಮನೆಯ ಕರೆಂಟ್ ಬಗ್ಗೆಯೂ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಸಾಮಾನ್ಯವಾಗಿ ಪಿಸಿ ಕೆಟ್ಟಿದೆ ಎಂದಲ್ಲ, ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇಲ್ಲ ಎಂದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರಿಸುವ ಅಲ್ಪ ಕರೆಂಟ್‌ಗೆ ಭೂಮಿಗೆ ಹೋಗುವ ದಾರಿ ಇರದೆ ಅದು ಕ್ಯಾಬಿನೆಟ್ ಮೈಮೇಲೆ ಕೂರುತ್ತದೆ. ಎಲೆಕ್ಟ್ರಿಷಿಯನ್ ಕರೆದು ಮೊದಲು ಅದನ್ನು ಸರಿಮಾಡಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಆಗಿರಲಿ, ಸ್ವಿಚ್ ಇದ್ದರೆ ಯುಪಿಎಸ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಬದಲಾಗಲು ತಡವಾಗುತ್ತದೆ, ಪಿಸಿ ಅಷ್ಟರಲ್ಲಿ ಆಫ್ ಆಗಿರುತ್ತದೆ. ಬೇರೆ ಯುಪಿಎಸ್ ಕೊಳ್ಳುವುದಾದರೆ 600 ವಿಎ ಅಂದರೆ ಸುಮಾರು 360 ವ್ಯಾಟ್. ಮಾನಿಟರ್ ಸೇರಿದರೆ ಅದು ತೀರಾ ಅಂಚಿಗೆ ಬರುತ್ತದೆ, 1000 ವಿಎ ಆಸುಪಾಸಿನದು ನೋಡಿ.

ಕ್ಯಾಬಿನೆಟ್‌ನ ಮುಂಭಾಗ ಗಾಜಾಗಿದ್ದರೆ ಫ್ಯಾನ್ ಎಷ್ಟಿದ್ದರೂ ಗಾಳಿ ಎಲ್ಲಿಂದ ಬರಬೇಕು? ಮುಂದೆ ಜಾಲರಿ ಇರುವ ಕ್ಯಾಬಿನೆಟ್‌ನಲ್ಲಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಸಾಕು. ಏಪ್ರಿಲ್, ಮೇ ಬಿಸಿಲಿನಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿ ಕಡೆ, ಕೋಣೆಯೇ ಕಾದಿರುವಾಗ ಈ ಒಂದು ಆಯ್ಕೆಯೇ ಕಾರ್ಡಿನ ಬಿಸಿಯನ್ನು ಹಲವು ಡಿಗ್ರಿ ಇಳಿಸುತ್ತದೆ. ಧೂಳಿನ ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ತೊಳೆಯಿರಿ.

ಬೆಲೆ ವಾರವಾರಕ್ಕೂ ಏರಿಳಿಯುವುದರಿಂದ ಪಾಲು ಹೇಳುತ್ತೇನೆ: ಕಾರ್ಡಿಗೆ 22ರಿಂದ 25 ಸಾವಿರ, ಪ್ರೊಸೆಸರ್‌ಗೆ 10ರ ಆಸುಪಾಸು, ಬೋರ್ಡಿಗೆ 8ರಿಂದ 9, ಎಸ್‌ಎಂಪಿಎಸ್‌ಗೆ 5, ಕ್ಯಾಬಿನೆಟ್‌ಗೆ 4 ಮೀರದಂತೆ. ಉಳಿದದ್ದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಹೊಂದಿಸಿ. ಹೊಂದದಿದ್ದರೆ ಮೊದಲು ಕ್ಯಾಬಿನೆಟ್, ಆಮೇಲೆ ಎಸ್‌ಎಸ್‌ಡಿಯ ಜಿಬಿ ಕಡಿಮೆ ಮಾಡಿ. ಎಸ್‌ಎಂಪಿಎಸ್ ಮುಟ್ಟಬೇಡಿ. ಇದೇ ಪಟ್ಟಿ ಹಿಡಿದು ಬೆಂಗಳೂರಿನ ಎಸ್.ಪಿ. ರೋಡ್‌ನ ಎರಡು ಅಂಗಡಿಗೆ ಫೋನ್ ಮಾಡಿ ದರ ಕೇಳಿ, ಆಮೇಲೆ ಹುಬ್ಬಳ್ಳಿಯಲ್ಲೇ ಚೌಕಾಸಿ ಮಾಡಿ. ಐನೂರು, ಸಾವಿರದ ವ್ಯತ್ಯಾಸಕ್ಕೆ ದೂರ ಹೋಗಬೇಡಿ, ವಾರಂಟಿಗೆ ಹತ್ತಿರದ ಅಂಗಡಿಯೇ ಆಗುತ್ತದೆ. ಜಿಎಸ್‌ಟಿ 18 ಪ್ರತಿಶತ ಸೇರಿಸಿದ ದರವೇ ಎಂದು ಕೇಳಿ, ಬಿಲ್‌ನಲ್ಲಿ ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬರೆಸಿ. ಬರೀ "8 ಜಿಬಿ ಗ್ರಾಫಿಕ್ಸ್ ಕಾರ್ಡ್" ಎಂದು ಬರೆದ ಬಿಲ್ ಕೆಲಸಕ್ಕೆ ಬರುವುದಿಲ್ಲ.

ನೀವೇ ಜೋಡಿಸುವುದಾದರೆ ಹೆಚ್ಚಾಗಿ ತಪ್ಪುವ ಜಾಗಗಳು ಇವು. 5600ರ ಜೊತೆ ಬರುವ ಕೂಲರ್‌ಗೆ ನಾಲ್ಕು ಸ್ಕ್ರೂ; ಅದಕ್ಕೆ ಮೊದಲು ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಬಿಚ್ಚುವಾಗ ಹಿಂದಿನ ಲೋಹದ ಪ್ಲೇಟ್ ಕೈಯಲ್ಲಿ ಹಿಡಿದಿರಿ, ಇಲ್ಲದಿದ್ದರೆ ಕಳಚಿ ಬೀಳುತ್ತದೆ. ಸ್ಕ್ರೂಗಳನ್ನು ಅಡ್ಡಮೂಲೆಯಿಂದ ಅಡ್ಡಮೂಲೆಗೆ, ಒಂದೊಂದಕ್ಕೆ ಎರಡು ಸುತ್ತಿನಂತೆ ಬಿಗಿ ಮಾಡಿ. ಪೇಸ್ಟ್ ಕೂಲರ್‌ಗೇ ಹಚ್ಚಿರುತ್ತದೆ, ಮೇಲೆ ಮತ್ತೆ ಹಚ್ಚಬೇಡಿ. ರ‍್ಯಾಮ್ ಜೋಡಿ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ (ನಾಲ್ಕು ಸ್ಲಾಟ್ ಇದ್ದರೆ). ಬೋರ್ಡಿನ ಎಡ ಮೇಲ್ಮೂಲೆಯ 8 ಪಿನ್ ಪ್ರೊಸೆಸರ್ ಪವರ್ ಮರೆತರೆ ಫ್ಯಾನ್ ತಿರುಗಿದರೂ ಪಿಸಿ ಏಳುವುದಿಲ್ಲ. ಎಚ್‌ಡಿಎಂಐ ಕೇಬಲನ್ನು ಬೋರ್ಡಿಗೆ ಚುಚ್ಚಿದರೆ 5600ರಲ್ಲಿ ಚಿತ್ರವೇ ಬರುವುದಿಲ್ಲ, ಕೆಳಗೆ ಅಡ್ಡವಾಗಿರುವ ಕಾರ್ಡಿಗೇ ಚುಚ್ಚಿ.

ಮೊದಲ ಸಲ ಆನ್ ಆದ ಕೂಡಲೇ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ (ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ ಎಂಬ ಹೆಸರಿರುತ್ತದೆ). ಮಾಡದಿದ್ದರೆ ನೀವು ದುಡ್ಡು ಕೊಟ್ಟ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಅಲ್ಲೇ ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್, ರೀಸೈಝಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ತೆರೆದಿಡುವುದು) ಆನ್ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸೆಟ್ಟಿಂಗ್ ಆನ್ ಇರಬೇಕು. ಎಎಂಡಿ ಬೋರ್ಡ್‌ನಲ್ಲಿ ಟಿಪಿಎಂ ಅನ್ನು ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ. ಇದನ್ನೆಲ್ಲ ವಿಂಡೋಸ್ ಹಾಕುವ ಮೊದಲೇ ಮುಗಿಸಿದರೆ ಆಮೇಲೆ ಡಿಸ್ಕ್ ಮಾರ್ಪಡಿಸುವ ತಲೆನೋವು ಇರುವುದಿಲ್ಲ. ವಿಂಡೋಸ್, ಡ್ರೈವರ್ ಕೂತ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ನೋಡಿ: ನಿಮ್ಮ 144 ಹರ್ಟ್ಝ್ ಮಾನಿಟರ್ ನೀವು ಬದಲಿಸುವ ತನಕ 60ರಲ್ಲೇ ಇರಬಹುದು.