ರಾತ್ರಿ ಸೈಕಲ್ ತುಳಿಯುವಾಗ ವಾಹನ ಚಾಲಕರಿಗೆ ದೂರದಿಂದಲೇ ಕಾಣುವುದು ಹೇಗೆ?

ಕೆಲಸ ಮುಗಿಸಿ ಕತ್ತಲಾದ ಮೇಲೆ ಸೈಕಲ್‌ನಲ್ಲಿ ಮನೆಗೆ ಮರಳುವ ನೀವು ಹೊಳೆಯುವ ಹಳದಿ ಜಾಕೆಟ್ ತೊಟ್ಟಿದ್ದೀರಿ, ಸೀಟಿನ ಕೆಳಗೆ ಮಿನುಗುವ ಕೆಂಪು ದೀಪವನ್ನೂ ಕಟ್ಟಿದ್ದೀರಿ. ಆದರೂ ಹಿಂದಿನಿಂದ ಬರುವ ವಾಹನಗಳು ತೀರ ಹತ್ತಿರ ಬಂದ ಮೇಲೆ ಗಕ್ಕನೆ ಪಕ್ಕಕ್ಕೆ ಸರಿಯುತ್ತವೆ, ಇನ್ನೇನು ಮಾಡಬೇಕು ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ರಾತ್ರಿಯ ಹೊತ್ತು ಸೈಕಲ್ ತುಳಿಯುತ್ತಿರುವ ನನಗೂ ಮೊದಲಿಗೆ ಇದೇ ಅನುಭವವಾಗಿತ್ತು. ರಸ್ತೆಯಲ್ಲಿ ಕಾಣುವುದು ಬೇರೆ, ಗುರುತು ಸಿಗುವುದು ಬೇರೆ. ಮುಂದೆ ಏನೋ ಮಿನುಗುತ್ತಿದೆ ಎಂಬುದು ಚಾಲಕನಿಗೆ ತಿಳಿದರೆ ಸಾಲದು; ಅದು ಸೈಕಲ್, ತನ್ನ ದಾರಿಯಲ್ಲೇ ನಿಧಾನವಾಗಿ ಸಾಗುತ್ತಿದೆ ಎಂಬುದು ಅವನ ಮನಸ್ಸಿಗೆ ಬೇಗ ಹೊಳೆಯಬೇಕು.

ಎಷ್ಟು ಬೇಗ ಎಂಬುದನ್ನು ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗಿರುವುದು ಏನೆಂದು ಅರಿತು ಬ್ರೇಕ್ ಮೇಲೆ ಕಾಲಿಡಲು ಚಾಲಕನಿಗೆ ಒಂದೂವರೆ ಸೆಕೆಂಡ್ ಹಿಡಿಯಿತೆಂದರೆ ಅಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಕಾರು ಪೂರ್ತಿಯಾಗಿ ನಿಲ್ಲಲು ಮತ್ತೆ 20 ಮೀಟರ್ ಆಸುಪಾಸು ಬೇಕು, ಮಳೆ ಬಂದಿದ್ದರೆ ಇನ್ನೂ ಹೆಚ್ಚು. ಹಾಗಾಗಿ 50 ಮೀಟರ್ ದೂರದಲ್ಲಿ ಗುರುತು ಸಿಕ್ಕರೆ ಅದು ಕೊನೆಯ ಗಳಿಗೆ ಎಂದೇ ತಿಳಿಯಬೇಕು. ನಾನು ಕನಿಷ್ಠ 100 ಮೀಟರ್‌ ದೂರದಿಂದ ಗುರುತು ಸಿಗಬೇಕೆಂದು ಇಟ್ಟುಕೊಂಡಿದ್ದೇನೆ.

ನಿಮ್ಮ ಜಾಕೆಟ್ ಇಲ್ಲಿ ನೀವು ನಂಬಿದಷ್ಟು ನೆರವಾಗುವುದಿಲ್ಲ. ಅದರ ಹೊಳೆಯುವ ಹಳದಿಯಂಥ ಫ್ಲೋರೊಸೆಂಟ್ ಬಣ್ಣವು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕಾಣುವ ಬೆಳಕಾಗಿ ಮರಳಿಸುವುದರಿಂದಲೇ ಹಗಲಿನಲ್ಲಿ, ಮುಸ್ಸಂಜೆಯಲ್ಲಿ ಅಷ್ಟು ಕಣ್ಣಿಗೆ ಹೊಡೆಯುತ್ತದೆ. ಹೆಡ್‌ಲೈಟಿನಲ್ಲಾಗಲಿ ಬೀದಿದೀಪದಲ್ಲಾಗಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ರಾತ್ರಿ ಅದು ತಿಳಿಬಣ್ಣದ ಮತ್ತೊಂದು ಬಟ್ಟೆ, ಅಷ್ಟೇ. ರಾತ್ರಿಗೆ ಬೇಕಾದದ್ದು ನಾವು ರೇಡಿಯಂ ಎಂದು ಕರೆಯುವ ಪಟ್ಟಿ. ರೇಡಿಯಂ ಧಾತುವಿಗೂ ಅದಕ್ಕೂ ಸಂಬಂಧವಿಲ್ಲ; ಅದರೊಳಗಿರುವ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು (ಪ್ರಿಸಂಗಳು) ಬೆಳಕು ಯಾವ ಕಡೆಯಿಂದ ಬಂತೋ ಆ ಕಡೆಗೇ ಅದನ್ನು ತಿರುಗಿ ಕಳಿಸುತ್ತವೆ. ಕಾರಿನ ಚಾಲಕನ ಕಣ್ಣು ಹೆಡ್‌ಲೈಟಿಗೆ ಹೆಚ್ಚು ದೂರದಲ್ಲಿಲ್ಲದ ಕಾರಣ ಆ ಬೆಳಕು ಅವನಿಗೆ ಸಿಗುತ್ತದೆ. ಲಾರಿ ಚಾಲಕ ತನ್ನ ವಾಹನದ ದೀಪಕ್ಕಿಂತ ಬಹಳ ಮೇಲೆ ಕುಳಿತಿರುತ್ತಾನಾದ್ದರಿಂದ ಹತ್ತಿರ ಬಂದಂತೆ ಅವನಿಗೆ ಅದೇ ಪಟ್ಟಿ ಮಂಕಾಗಿ ಕಾಣಬಹುದು ಎಂಬುದನ್ನೂ ನೆನಪಿಡಿ. ಪಟ್ಟಿಯ ಮೇಲೆ ಕೆಸರು ಕೂತರೆ ಹೊಳಪು ಇಳಿಯುತ್ತದೆ, ಒರೆಸುತ್ತಿರಬೇಕು.

ಆ ಪಟ್ಟಿಯನ್ನು ಎಲ್ಲಿ ಕಟ್ಟುತ್ತೀರಿ ಎಂಬುದು ಇನ್ನೂ ಮುಖ್ಯ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕತ್ತಲಲ್ಲಿ ನಡೆಯುವ ಮನುಷ್ಯನ ಕೀಲುಗಳಲ್ಲಿನ ಬೆಳಕಿನ ಚುಕ್ಕೆಗಳನ್ನು ಬಿಟ್ಟು ಬೇರೇನೂ ಕಾಣದಿದ್ದರೂ, ಆ ಚುಕ್ಕೆಗಳು ಚಲಿಸತೊಡಗಿದ ಕೂಡಲೇ ನೋಡುವವರಿಗೆ ಅದು ಮನುಷ್ಯನೆಂದು ತಿಳಿದುಬಿಡುತ್ತಿತ್ತು; ನಿಂತ ಚುಕ್ಕೆಗಳಿಂದ ಹಾಗೆ ತಿಳಿಯುತ್ತಿರಲಿಲ್ಲ. ಸೈಕಲ್ ತುಳಿಯುವವನ ಬೆನ್ನು ಬಹುಮಟ್ಟಿಗೆ ಅಲುಗಾಡುವುದಿಲ್ಲ, ಆದರೆ ಪಾದದ ಗಂಟು ಮತ್ತು ಮೊಣಕಾಲು ಏರಿಳಿಯುತ್ತಲೇ ಇರುತ್ತವೆ. ಎರಡೂ ಪಾದದ ಗಂಟುಗಳಿಗೆ ಸುತ್ತಿದ ರೇಡಿಯಂ ಪಟ್ಟಿ ನಿಮ್ಮ ಜಾಕೆಟ್ಟಿಗಿಂತ ಬೇಗ ನಿಮ್ಮ ಗುರುತು ಹೇಳುತ್ತದೆ. ಪೆಡಲಿನ ಹಿಂದೆ ಮುಂದೆ ಇರುವ ಹಳದಿ ಪ್ರತಿಫಲಕಗಳು ಮಾಡುವ ಕೆಲಸವೂ ಇದೇ. ಅಂದಕ್ಕಾಗಿ ಅವನ್ನು ಕಿತ್ತು ಹಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಆದರೆ ಯಾವ ಪಟ್ಟಿಯೂ ದೀಪಕ್ಕೆ ಬದಲಿಯಲ್ಲ, ಏಕೆಂದರೆ ಬೆಳಕು ತನ್ನ ಮೇಲೆ ಬೀಳುವ ತನಕ ಪಟ್ಟಿ ಕತ್ತಲಾಗಿಯೇ ಇರುತ್ತದೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಹೊರಳಲು ನಿಂತಿರುವ ಕಾರಿನ ದೀಪ ನಿಮ್ಮ ಕಡೆಗೆ ತಿರುಗಿರುವುದಿಲ್ಲ; ಅದು ನಿಮ್ಮ ಮೇಲೆ ಬೀಳುವ ಹೊತ್ತಿಗೆ ನೀವು ಅದರ ಎದುರಿಗೇ ಇರುತ್ತೀರಿ. ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿದ ಪ್ರತಿಫಲಕಗಳ ಮಿತಿಯೂ ಇದೇ. ಆ ಚಾಲಕನಿಗೆ ನಿಮ್ಮನ್ನು ತೋರಿಸುವುದು ಮುಂದಿನ ಬಿಳಿ ದೀಪ ಮಾತ್ರ, ಅದರಲ್ಲೂ ಪಕ್ಕಕ್ಕೂ ಒಂದಿಷ್ಟು ಬೆಳಕು ಚೆಲ್ಲುವಂಥದ್ದು. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ಎಂಬ ಕ್ರಮ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೂ ಇದೆ. ನೀವು ಬರುತ್ತಿದ್ದೀರೋ ಹೋಗುತ್ತಿದ್ದೀರೋ ಎಂಬುದನ್ನು ಬಣ್ಣವೇ ತಿಳಿಸುವುದರಿಂದ ಅದನ್ನು ಅದಲುಬದಲು ಮಾಡಬಾರದು. ಮುಂದಿನ ದೀಪವನ್ನು ರಸ್ತೆಯ ಕಡೆಗೆ ತುಸು ಬಾಗಿಸಿಡಿ. ಎದುರಿನವರ ಕಣ್ಣು ಕೋರೈಸಿದರೆ ಅವರಿಗೆ ನೀವೂ ಕಾಣುವುದಿಲ್ಲ, ನಿಮ್ಮ ಪಕ್ಕದಲ್ಲಿ ನಡೆಯುವವರೂ ಕಾಣುವುದಿಲ್ಲ.

ಈಗ ನಿಮ್ಮ ಹಿಂದಿನ ದೀಪದ ಮಾತು. ಮಿನುಗುವ ದೀಪ ಗಮನ ಸೆಳೆಯುತ್ತದೆ ಎಂಬುದು ನಿಜ, ಆದರೆ ಕತ್ತಲಲ್ಲಿ ಆರಿ ಹೊತ್ತುವ ಒಂದೇ ಚುಕ್ಕೆಯನ್ನು ನೋಡಿ ಅದು ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ಅಂದಾಜು ಮಾಡುವುದು ಕಷ್ಟ. ಜರ್ಮನಿಯಲ್ಲಂತೂ ಸೈಕಲ್ಲಿಗೆ ಮಿನುಗುವ ದೀಪ ಹಾಕಲು ಕಾನೂನಿನ ಒಪ್ಪಿಗೆಯೇ ಇಲ್ಲ. ನಿಮ್ಮಲ್ಲಿನ ನಿಯಮ ಅಡ್ಡಿ ಮಾಡದಿದ್ದರೆ ಎರಡು ದೀಪಗಳನ್ನಿಡಿ: ಒಂದು ಸ್ಥಿರವಾಗಿ ಉರಿಯಲಿ, ಇನ್ನೊಂದು ಮಿನುಗಲಿ. ಒಂದರ ಬ್ಯಾಟರಿ ದಾರಿಯಲ್ಲಿ ಮುಗಿದರೂ ಇನ್ನೊಂದು ಉಳಿಯುತ್ತದೆ. ಒಂದನ್ನು ಮಾತ್ರ ಇಡಬಲ್ಲಿರಾದರೆ ಸ್ಥಿರವಾಗಿ ಉರಿಯುವುದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ರಸ್ತೆಯ ಅಂಚಿಗೆ ತೀರ ಅಂಟಿಕೊಂಡು ತುಳಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ನಿಂತ ವಾಹನಗಳ ನಡುವೆ ಒಳಗೆ ಹೊರಗೆ ನುಸುಳುತ್ತಾ ಸಾಗಿದರೆ ನಿಮ್ಮ ದೀಪ ಹಿಂದಿನವರಿಗೆ ಆಗಾಗ ಮರೆಯಾಗುತ್ತದೆ. ಅಂಚಿನಿಂದ ಒಂದು ಮೀಟರಿನಷ್ಟು ಒಳಗೆ ನೇರ ಸಾಲಿನಲ್ಲಿ ಸಾಗಿದರೆ ಅವರ ಬೆಳಕು ನಿಮ್ಮ ಮೇಲೆ ಎಡೆಬಿಡದೆ ಬೀಳುತ್ತದೆ.

ಏನನ್ನಾದರೂ ಹೊಸದಾಗಿ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ನೀವು ನಿತ್ಯ ತೊಡುವ ಜಾಕೆಟ್ಟನ್ನೂ ಬೆನ್ನಿಗೆ ಹಾಕುವ ಚೀಲವನ್ನೂ ಗೆಳೆಯರೊಬ್ಬರಿಗೆ ಕೊಟ್ಟು, ನಿಮ್ಮ ಸೈಕಲ್ಲನ್ನು ವಾಹನಗಳಿಲ್ಲದ ಕತ್ತಲ ದಾರಿಯಲ್ಲಿ ತುಳಿಯಲು ಹೇಳಿ, ನೀವು 100 ಮೀಟರ್ ಹಿಂದೆ ನಿಂತು ನೋಡಿ. ನಾನು ಹಾಗೆ ನೋಡಿದ ರಾತ್ರಿ, ಹಿಂದಿನ ದೀಪ ನನಗೆ ಕಾಣಲೇ ಇಲ್ಲ. ಜಾಕೆಟ್ಟಿನ ಉದ್ದನೆಯ ಅಂಚು ಸೀಟಿನ ಹಿಂದೆ ಇಳಿಬಿದ್ದು ಅದನ್ನು ಪೂರ್ತಿ ಮುಚ್ಚಿತ್ತು, ಎಷ್ಟು ತಿಂಗಳಿಂದ ಹಾಗಿತ್ತೋ ತಿಳಿಯದು. ಮರುದಿನವೇ ದೀಪವನ್ನು ಕ್ಯಾರಿಯರಿನ ಹಿಂತುದಿಗೆ ಕಟ್ಟಿದೆ. ಇಂದಿಗೂ ಅದು ಅಲ್ಲೇ ಇದೆ.