ಓದುಗರ ಪ್ರಶ್ನೆ: ಕಳ್ಳರ ಕಥೆ ಓದಿಯೇ ಹುಡುಗರು ಕೆಟ್ಟರೇ?

ಪ್ರಶ್ನೆ: 19ನೇ ಶತಮಾನದ ಇಂಗ್ಲೆಂಡಿನ ಸೆರೆಮನೆ ಪಾದ್ರಿಗಳ ವರದಿಗಳಲ್ಲಿ ‘ಕೆಟ್ಟ ಪುಸ್ತಕ ಓದಿ ಹಾಳಾದೆ’ ಎಂಬ ಕೈದಿಗಳ ಮಾತು ಬರುತ್ತದೆ. ಇದನ್ನು ಎಷ್ಟು ನಂಬಬಹುದು?

ಉತ್ತರ: ಆ ಮಾತು ಯಾರ ಮುಂದೆ ಆಡಿದ್ದು ಎಂಬುದನ್ನು ಮೊದಲು ನೋಡಿ. 1842ರಲ್ಲಿ ಲಂಡನ್ನಿನಲ್ಲಿ ತೆರೆದ ಪೆಂಟನ್‌ವಿಲ್‌ನಂಥ ಜೈಲಿನಲ್ಲಿ ಕೈದಿಯದು ಒಂಟಿ ಕೋಣೆ. ಅವನೊಡನೆ ನಾಲ್ಕು ಮಾತಾಡುವವರಲ್ಲಿ ಪಾದ್ರಿಯೇ ಮುಖ್ಯ. ‘ಏನೇನು ಓದುತ್ತಿದ್ದೆ?’ ಎಂದು ಪಾದ್ರಿ ಕೇಳಿದರೆ ಅವರಿಗೆ ಬೇಕಾದ ಉತ್ತರ ಯಾವುದೆಂದು ಕೈದಿಗೆ ಗೊತ್ತಿರುತ್ತಿತ್ತು. ಪುಸ್ತಕದ ಮೇಲೆ ಹೊರಿಸಿದರೆ ತನ್ನ ಹೊರೆಯೂ ಹಗುರ.

1840ರಲ್ಲಿ ಲಾರ್ಡ್ ವಿಲಿಯಂ ರಸೆಲ್‌ನನ್ನು ಕೊಂದ ಸೇವಕ ಕೂರ್ವಾಸಿಯೇಯನ್ನೇ ತೆಗೆದುಕೊಳ್ಳಿ. 18ನೇ ಶತಮಾನದ ಹೆಸರಾಂತ ಕಳ್ಳನೊಬ್ಬನ ಕಥೆಯಾದ ‘ಜ್ಯಾಕ್ ಶೆಪರ್ಡ್’ ಕಾದಂಬರಿಯಿಂದ ಕೊಲೆಯ ಯೋಚನೆ ಬಂತೆಂದು ಅವನು ಹೇಳಿದನೆಂಬ ಸುದ್ದಿ ಹಬ್ಬಿತು. ಕಾದಂಬರಿಕಾರ ಐನ್ಸ್‌ವರ್ತ್ ಅದನ್ನು ಅಲ್ಲಗಳೆದ. ಕೂರ್ವಾಸಿಯೇ ಕೊಟ್ಟ ತಪ್ಪೊಪ್ಪಿಗೆಗಳೋ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಂಥ ಕಡೆ ಒಂದೇ ಹೇಳಿಕೆಯನ್ನು ಎತ್ತಿ ಹಿಡಿಯುವುದು ತಪ್ಪು.

ಪತ್ರಕರ್ತ ಹೆನ್ರಿ ಮೇಹ್ಯೂ ಲಂಡನ್ನಿನ ಸುಮಾರು 150 ಅಲೆಮಾರಿ ಹುಡುಗರನ್ನು, ಕಳ್ಳ ಹುಡುಗರನ್ನು ಸಭೆ ಸೇರಿಸಿ ಕೇಳಿದಾಗ ಓದು ಬರಹ ಬಲ್ಲವರು 63 ಮಂದಿ. ಅವರಲ್ಲಿ 50 ಜನ ಜ್ಯಾಕ್ ಶೆಪರ್ಡ್‌ನಂಥವರ ಕಥೆ ಓದಿದ್ದೇವೆ ಎಂದರು. ಇಲ್ಲಿ ಅಪಾಯ ಇನ್ನೊಂದು ಬಗೆಯದು: ಪಾದ್ರಿಯ ಮುಂದೆ ಪಶ್ಚಾತ್ತಾಪ ಬೆಳೆಯುತ್ತದೆ, ಗೆಳೆಯರ ಮುಂದೆ ಬಡಾಯಿ.

ಪ್ರಶ್ನೆ: ಅಕ್ಷರವೇ ಬಾರದವರಿಗೆ ಈ ಕಥೆಗಳು ತಲುಪಿದ್ದು ಹೇಗೆ?

ಉತ್ತರ: ಕಿವಿಯಿಂದ. ಅಗ್ಗದ ವಸತಿಗೃಹಗಳಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು. 8 ಪುಟಗಳ ವಾರದ ಕಂತಿಗೆ 1 ಪೆನ್ನಿ; ಅದೊಂದೇ ಪ್ರತಿ ಹಲವರಿಗೆ ಸಾಕು. 1839ರಿಂದ ಶೆಪರ್ಡ್‌ನ ಕಥೆ ನಾಟಕವಾಗಿ ಲಂಡನ್ನಿನ ಹಲವು ರಂಗಮಂದಿರಗಳಿಗೂ ಬಂತು.

ಆದ್ದರಿಂದ ಜೈಲಿನ ಅಂಕಿಅಂಶಗಳಲ್ಲಿನ ‘ಓದು ಬಾರದು’ ಎಂಬ ಕಲಮನ್ನು ‘ಕಥೆ ಗೊತ್ತಿಲ್ಲ’ ಎಂದು ತಿಳಿಯಬೇಡಿ. ‘ಅರೆಬರೆ ಓದು ಬರಹ’ ಎಂಬ ಕಲಮಿನಲ್ಲಿ ಇನ್ನೂ ಎಚ್ಚರ ಬೇಕು. ಆಗಿನ ಶಾಲೆಗಳಲ್ಲಿ ಓದು ಮೊದಲು, ಬರಹ ಆಮೇಲೆ. ಭಾನುವಾರದ ಶಾಲೆಗಳಲ್ಲಂತೂ ಎಷ್ಟೋ ಕಡೆ ಬರಹ ಕಲಿಸುತ್ತಲೇ ಇರಲಿಲ್ಲ. ಹೀಗಾಗಿ ಸರಾಗವಾಗಿ ಓದುವವನೂ, ಅಕ್ಷರ ಕೂಡಿಸಲು ತಿಣುಕುವವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರಬಹುದು.